ಓಸಿ, ಎನರ್ಜಿ ಕೋಡ್, ಸೋಲಾರ್: ಕಾಗದ ಮೂರು, ಕೂರಬೇಕಾದ ಮೇಜು ಒಂದೇ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸೈಟು ಕೊಂಡು ಮನೆ ಕಟ್ಟಲು ಹೊರಟವರ ಕಿವಿಗೆ ಈಚೆಗೆ ಮೂರು ಸುದ್ದಿ ಒಟ್ಟೊಟ್ಟಿಗೇ ಬೀಳುತ್ತಿವೆ. ಓಸಿ, ಅಂದರೆ ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲದಿದ್ದರೆ ಬೆಸ್ಕಾಂನವರು ಕರೆಂಟ್ ಕೊಡುವುದಿಲ್ಲವಂತೆ. ಮನೆಗಳಿಗೂ ಎನರ್ಜಿ ಕೋಡ್, ಅಂದರೆ ಕಟ್ಟಡದಲ್ಲಿ ಇಂಧನ ಉಳಿಸುವ ಸಂಹಿತೆ, ಬಂತಂತೆ. ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಬರುತ್ತದಂತೆ. ಮೂರು 'ಅಂತೆ'ಗಳಲ್ಲೂ ನಿಜವಿದೆ. ಆದರೆ ಯಾವುದು ಯಾರಿಗೆ ಅನ್ವಯ, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅನ್ನುವುದು ಪಾಲಿಕೆಯ ಕೌಂಟರಿನಲ್ಲೂ ಸಿಮೆಂಟ್ ಅಂಗಡಿಯಲ್ಲೂ ಒಂದೇ ಥರ ಕೇಳಿಸುತ್ತಿಲ್ಲ.

ಈ ಮೂರನ್ನೂ ಜನ ಮೂರು ಬೇರೆ ಕಾಗದಗಳಂತೆ ನೋಡುತ್ತಿದ್ದಾರೆ. ಒಂದನ್ನು ಪ್ಲಾನ್ ಪಾಸ್ ಮಾಡಿಸುವವರು ನೋಡಿಕೊಳ್ಳುತ್ತಾರೆ, ಇನ್ನೊಂದನ್ನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್, ಮತ್ತೊಂದನ್ನು ಸೋಲಾರ್ ಏಜೆನ್ಸಿ. ಗೊಂದಲದ ಬೇರು ಇರುವುದು ಈ ಹಂಚಿಕೆಯಲ್ಲೇ. ಮೂರೂ ಕೇಳುತ್ತಿರುವುದು, ಪಾಯ ತೋಡುವ ಮೊದಲೇ ಕಟ್ಟಡದ ಎಲ್ಲ ತೀರ್ಮಾನಗಳು ಒಟ್ಟಿಗೆ ಆಗಲಿ ಎಂದು. ನಮ್ಮಲ್ಲಿ ಕಟ್ಟಡ ಕಟ್ಟುವ ಪದ್ಧತಿ ಇದಕ್ಕೆ ಸರಿಯಾಗಿ ಉಲ್ಟಾ.

ಯಾವ ನಿಯಮ ಯಾರಿಗೆ?

ಮೊದಲು ಓಸಿ. ಮೀರತ್‌ನ ಅಕ್ರಮ ಕಟ್ಟಡವೊಂದರ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಇಡೀ ದೇಶಕ್ಕೆ ಅನ್ವಯಿಸುವ ಕೆಲವು ನಿರ್ದೇಶನಗಳನ್ನೂ ಸೇರಿಸಿತು. ಮಂಜೂರಾದ ನಕ್ಷೆಯಂತೆ ಕಟ್ಟಡ ಎದ್ದಿದೆಯೇ ಎಂದು ಸ್ಥಳ ಪರಿಶೀಲಿಸಿಯೇ ಪತ್ರ ಕೊಡಬೇಕು. ಆ ಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ. ಕಟ್ಟಡವನ್ನು ಭದ್ರತೆಯಾಗಿ ಇಟ್ಟುಕೊಂಡು ಸಾಲ ಕೊಡುವ ಬ್ಯಾಂಕುಗಳೂ ಅದನ್ನು ನೋಡಿಯೇ ಕೊಡಬೇಕು. ಇದರ ಹಿಂದೆಯೇ 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಓಸಿ ಇಲ್ಲದ ಕಟ್ಟಡಗಳಿಗೆ ಕಾಯಂ ಸಂಪರ್ಕ ತಡೆಹಿಡಿದವು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಯಲ್ಲಿ ಇರುವುದರಿಂದ ಬೆಂಗಳೂರಿನ ಬಿಸಿ ಇಲ್ಲಿಗೂ ತಟ್ಟಿತು. ಕಟ್ಟಿ ಮುಗಿಸಿ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುತ್ತಿದ್ದವರ ಕೂಗು ಜೋರಾದ ಮೇಲೆ, ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಸತಿ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ಪ್ರಕಟಿಸಿತು. 30x40 ಸೈಟಿನವರು ಉಸಿರು ಬಿಟ್ಟರು, 40x60ರವರು ಅಲ್ಲೇ ಉಳಿದರು.

ಎರಡನೆಯದು ಎನರ್ಜಿ ಕೋಡ್. 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು, 2023ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದುವರೆಗೆ ವಾಣಿಜ್ಯ ಕಟ್ಟಡಗಳಿಗೆ ಮಾತ್ರ ಇದ್ದ ಸಂಹಿತೆಯ ಹಿಡಿತಕ್ಕೆ ವಸತಿ ಕಟ್ಟಡಗಳೂ ಬಂದವು. 'ಮನೆಗಳಿಗೂ ಬಂತಂತೆ' ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಕಾಯ್ದೆಯ ಹೊಸ್ತಿಲು ಎತ್ತರದಲ್ಲಿದೆ: ಸಂಪರ್ಕಿತ ಲೋಡ್ (ಕಟ್ಟಡದ ಎಲ್ಲ ಉಪಕರಣಗಳ ಒಟ್ಟು ವಿದ್ಯುತ್ ಸಾಮರ್ಥ್ಯ) 100 ಕಿಲೋವ್ಯಾಟ್, ಅಥವಾ ಕರಾರಿನ ಬೇಡಿಕೆ (ವಿದ್ಯುತ್ ಕಂಪನಿಯ ಜೊತೆ ಒಪ್ಪಿಕೊಂಡ ಗರಿಷ್ಠ ಬಳಕೆ) 120 ಕೆವಿಎ ಮುಟ್ಟಬೇಕು. ಸಾಮಾನ್ಯ ಮನೆಯ ಲೋಡ್ ಮೂರು ನಾಲ್ಕು ಕಿಲೋವ್ಯಾಟ್. ಹಾಗಾಗಿ ದಾವಣಗೆರೆಯ ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕ್‌ನಲ್ಲೋ ಒಂದು ಮನೆ ಕಟ್ಟುವವರಿಗೆ ಇದು ಇವತ್ತು ನೇರವಾಗಿ ತಾಗುವುದಿಲ್ಲ. ತಾಗುವುದು ಅಪಾರ್ಟ್‌ಮೆಂಟ್, ದೊಡ್ಡ ನರ್ಸಿಂಗ್ ಹೋಂ, ಕಾಲೇಜು, ಹಾಸ್ಟೆಲ್, ಎಸಿ ಕಲ್ಯಾಣ ಮಂಟಪಗಳಿಗೆ. ಅಂದರೆ ದಾವಣಗೆರೆ ಯಾವುದಕ್ಕೆ ಹೆಸರಾಗಿದೆಯೋ ಬಹುತೇಕ ಅದಕ್ಕೆಲ್ಲ. ಈ ಹೊಸ್ತಿಲನ್ನು ತಗ್ಗಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ ಅನ್ನುವುದನ್ನು ಮಾತ್ರ ಮರೆಯುವಂತಿಲ್ಲ.

ಮೂರನೆಯದು ನಿಯಮವಲ್ಲ, ಆಮಿಷ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರು ಅಥವಾ ಅದಕ್ಕಿಂತ ಹೆಚ್ಚಿನ ಕಿಲೋವ್ಯಾಟ್‌ಗೆ ಒಟ್ಟು 78,000 ರೂಪಾಯಿ ಸಹಾಯಧನ. ಬೇಕಾದವರು ಹಾಕಿಸಿಕೊಳ್ಳಬಹುದು, ಬೇಡದವರು ಬಿಡಬಹುದು.

ಪಾಲಿಕೆಗೊಂದು ಪ್ಲಾನ್, ಮೇಸ್ತ್ರಿಗೊಂದು ಪ್ಲಾನ್

ನಮ್ಮ ಊರುಗಳಲ್ಲಿ ಕಟ್ಟಡ ಎದ್ದೇಳುವ ಕ್ರಮ ಎಲ್ಲರಿಗೂ ಗೊತ್ತು. ಒಬ್ಬ ಎಂಜಿನಿಯರ್ ಬಳಿ ಲೈಸೆನ್ಸಿಗೆ ಬೇಕಾದ ಪ್ಲಾನ್ ಬರೆಸುತ್ತಾರೆ. ಸುತ್ತ ಬಿಡಬೇಕಾದ ಜಾಗ ಆ ಹಾಳೆಯಲ್ಲಿ ಅಚ್ಚುಕಟ್ಟಾಗಿ ಇರುತ್ತದೆ. ಅದು ಪಾಸಾದ ದಿನ ಅದರ ಕೆಲಸ ಮುಗಿಯಿತು. ಸೈಟಿನಲ್ಲಿ ಮೇಸ್ತ್ರಿಯ ಕೈಯಲ್ಲಿ ಇರುವುದು ಇನ್ನೊಂದು ಹಾಳೆ, ಮನೆಯವರು ಮತ್ತು ಆಯ ನೋಡುವವರು ಸೇರಿ ತಿದ್ದಿಸಿದ್ದು. ಕಂಬದ ಡ್ರಾಯಿಂಗ್ ಕೊಡುವವರು ಬೇರೆ. ಮೋಲ್ಡ್ ಹಾಕುವ ಹಿಂದಿನ ದಿನ ವೈರಿಂಗ್‌ನವರು ಬಂದು ಪೈಪ್ ಎಳೆಯುತ್ತಾರೆ. ಪ್ಲಂಬರ್ ಬರುವುದು ಗೋಡೆ ಎದ್ದ ಮೇಲೆ, ಎಸಿಯವರು ಬಣ್ಣ ಬಳಿದ ಮೇಲೆ, ಸೋಲಾರ್‌ನವರು ಗೃಹಪ್ರವೇಶದ ಮೇಲೆ. ಹಿಂದಿನವರು ಮುಗಿಸಿ ಹೋದದ್ದನ್ನು ಮುಂದಿನವರು ಒಡೆಯುತ್ತಾರೆ. ಗೋಡೆ ಕೊರೆದು ಗ್ರೂವ್, ಬೀಮ್ ಕೊರೆದು ತೂತು, ತಾರಸಿಗೆ ಮೊಳೆ.

ಓಸಿಯ ಬಿಗಿ ಈ ಎರಡು ಪ್ಲಾನ್‌ಗಳ ಸಂಸಾರವನ್ನು ಕಷ್ಟಕ್ಕೆ ದೂಡುತ್ತದೆ. ಮಂಜೂರಾದ ಹಾಳೆಯೂ ನಿಂತ ಕಟ್ಟಡವೂ ಒಂದೇ ಆಗಿರಬೇಕು ಎಂದಾದರೆ, ಮಧ್ಯದಲ್ಲಿ ಮನಸ್ಸು ಬದಲಾಯಿಸುವುದಕ್ಕೆ ಬೆಲೆ ಬಂತು. ಮೆಟ್ಟಿಲು ಎಲ್ಲಿ, ಕಿಟಕಿ ಎಷ್ಟು, ಲಿಫ್ಟ್ ಬೇಕೇ, ಮುಂದೆ ಇನ್ನೊಂದು ಮಹಡಿ ಏರಿಸುತ್ತೀರಾ ಎಂಬುದೆಲ್ಲ ಮೊದಲೇ ಗಟ್ಟಿಯಾಗಬೇಕು. ಹಸಿರು ವಿನ್ಯಾಸಕ್ಕೆಂದು ಬರೆದದ್ದಲ್ಲದ ಈ ತೀರ್ಪು, ಪರಿಸರಸ್ನೇಹಿ ಕಟ್ಟಡಕ್ಕೆ ಬೇಕಾದ ಮೊದಲ ಶಿಸ್ತನ್ನು ತಾನಾಗಿಯೇ ತರುತ್ತಿದೆ. ಹಸಿರು ಸಂಹಿತೆಗಳು ಇಷ್ಟು ವರ್ಷ ಹೇಳಿಯೂ ಆಗದಿದ್ದ ಕೆಲಸ ಅದು.

ಒಂದು ಕಲ್ಯಾಣ ಮಂಟಪದ ಲೆಕ್ಕ

ಒಟ್ಟಿಗೆ ಕೂತು ವಿನ್ಯಾಸ ಮಾಡುವುದರಿಂದ ಏನು ಸಿಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬಹುದು. ದಾವಣಗೆರೆಯ ಹೊರವಲಯದಲ್ಲಿ 800 ಜನ ಕೂರುವ ಎಸಿ ಮಂಟಪ ಕಟ್ಟುತ್ತಾರೆ, ಛಾವಣಿ 1,000 ಚದರ ಮೀಟರ್ ಎಂದು ಊಹಿಸಿಕೊಳ್ಳಿ.

ಛಾವಣಿಯಿಂದ ಒಳಗಿಳಿಯುವ ಶಾಖಕ್ಕೆ ಎಂಜಿನಿಯರುಗಳು ಯು-ಮೌಲ್ಯ ಎಂಬ ಅಳತೆ ಇಟ್ಟುಕೊಂಡಿದ್ದಾರೆ. ಮೇಲೆ ಕೆಳಗೆ ಒಂದು ಡಿಗ್ರಿ ಅಂತರ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಅನ್ನುವುದೇ ಅದು. ಬರೀ ಕಾಂಕ್ರೀಟ್ ಮೋಲ್ಡಿಗೆ ಇದು 3.5ರಿಂದ 4ರ ಆಸುಪಾಸು. ಕೇಂದ್ರದ ವಸತಿ ಸಂಹಿತೆಯಾದ 'ಇಕೋ ನಿವಾಸ ಸಂಹಿತೆ' 2018ರಲ್ಲಿ ಹಾಕಿದ ಮಿತಿ 1.2. ವಾಣಿಜ್ಯ ಕಟ್ಟಡಗಳ ಮಿತಿ ಇದಕ್ಕಿಂತ ಬಿಗಿ. ಏಪ್ರಿಲ್ ಮಧ್ಯಾಹ್ನ ಬಿಸಿಲು ಕುಡಿದ ತಾರಸಿಗೂ ಒಳಗಿನ ತಂಪಿಗೂ 25 ಡಿಗ್ರಿ ಅಂತರ ಎಂದು ಹಿಡಿದರೆ, 3.8ರ ಛಾವಣಿಯಿಂದ 95 ಕಿಲೋವ್ಯಾಟ್ ಶಾಖ ಒಳಬರುತ್ತದೆ. 1.2ಕ್ಕೆ ಇಳಿಸಿದರೆ 30. ಎಸಿಯ ಒಂದು ಟನ್ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವುದರಿಂದ, ಉಳಿದ 65 ಕಿಲೋವ್ಯಾಟ್ ಅಂದರೆ ಹದಿನೆಂಟು ಟನ್ನಿಗೂ ಮೇಲ್ಪಟ್ಟ ಎಸಿ. ಒಳಗೆ ಕೂತ 800 ಜನರ ಮೈಶಾಖವೇ ತಲೆಗೆ 100 ವ್ಯಾಟ್‌ನಂತೆ 80 ಕಿಲೋವ್ಯಾಟ್ ಆಗುತ್ತದೆ. ಅಂದರೆ ಬೆತ್ತಲೆ ಛಾವಣಿಯೊಂದು ಇಡೀ ಮದುವೆ ದಿಬ್ಬಣಕ್ಕಿಂತ ಹೆಚ್ಚು ಸೆಕೆ ತರುತ್ತದೆ.

ಈಗ ಇದೇ ಕಟ್ಟಡ ವಾಡಿಕೆಯಂತೆ, ಒಬ್ಬರಾದ ಮೇಲೆ ಒಬ್ಬರು ಬಂದು ಕಟ್ಟಿದರೆ ಏನಾಗುತ್ತದೆ? ಆರ್ಕಿಟೆಕ್ಟ್ ಅಂದ ನೋಡಿ ಛಾವಣಿ ಬರೆದರು. ಸ್ಟ್ರಕ್ಚರಲ್ ಎಂಜಿನಿಯರ್ ಅದು ನಿಲ್ಲುವಂತೆ ಮಾಡಿದರು. ಕಟ್ಟಡ ಎದ್ದ ಮೇಲೆ ಬಂದ ಎಸಿ ಡೀಲರ್ ಅಡಿ ಅಳೆದು, ಯಾವುದಕ್ಕೂ ಇರಲಿ ಎಂದು ನಾಲ್ಕು ಟನ್ ಸೇರಿಸಿ ಕೊಟೇಶನ್ ಕೊಟ್ಟರು. ಟನ್ ಏರಿದ್ದಕ್ಕೆ ಕೇಬಲ್ ದಪ್ಪವಾಯಿತು, ಟ್ರಾನ್ಸ್‌ಫಾರ್ಮರ್ ದೊಡ್ಡದಾಯಿತು, ಜನರೇಟರ್ ದೊಡ್ಡದಾಯಿತು. ಹೊರಗಿನ ಯೂನಿಟ್‌ಗಳನ್ನು ತಾರಸಿ ಮೇಲೆ ಸಾಲಾಗಿ ಕೂರಿಸಿದ್ದರಿಂದ ಸೋಲಾರಿಗೆ ಜಾಗ ಉಳಿಯಲಿಲ್ಲ. ಇಷ್ಟೂ ಜನರಲ್ಲಿ ಒಬ್ಬರೂ ತಪ್ಪು ಮಾಡಿಲ್ಲ. ತಮ್ಮ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದಾರೆ.

ಆ 65 ಕಿಲೋವ್ಯಾಟ್ ಉಳಿಸಲು ಬೇಕಾದದ್ದು ಛಾವಣಿಯ ಮೇಲೆ ಸುಮಾರು ಒಂದು ಇಂಚು ದಪ್ಪದ ಒಳ್ಳೆಯ ಶಾಖನಿರೋಧಕ ಹಾಳೆ, ಅದರ ಮೇಲೆ ಗಾರೆ. ಗಾರೆಯೂ ಸೇರಿ ತಾರಸಿಯ ಮಟ್ಟ ನಾಲ್ಕೈದು ಇಂಚು ಏರುತ್ತದೆ. ಮಟ್ಟ ಏರಿದರೆ ಪ್ಯಾರಾಪೆಟ್ ಎತ್ತರ, ಮಳೆನೀರಿನ ಪೈಪಿನ ಬಾಯಿ, ಮೆಟ್ಟಿಲಮನೆಯ ಬಾಗಿಲಿನ ಹೊಸ್ತಿಲು ಎಲ್ಲವೂ ಬದಲಾಗಬೇಕು. ಡ್ರಾಯಿಂಗ್ ಹಂತದಲ್ಲಿ ಇದು ರಬ್ಬರ್ ಹಿಡಿದು ಅಳಿಸುವ ಕೆಲಸ. ಮೋಲ್ಡ್ ಆದ ಮೇಲೆ ಒಡೆಯುವ ಕೆಲಸ. ಹಾಗಾಗಿ ಯಾರೂ ಮಾಡುವುದಿಲ್ಲ, ಎಸಿ ಟನ್ ಏರಿಸಿ ಸುಮ್ಮನಾಗುತ್ತಾರೆ.

ನೈಋತ್ಯದ ಟ್ಯಾಂಕು, ನೈಋತ್ಯದ ಮಲಗುವ ಕೋಣೆ

ಸಣ್ಣ ಮನೆಗೂ ಇದೇ ಕಥೆ, ಪಾತ್ರಗಳು ಬೇರೆ. ಮೂರು ಕಿಲೋವ್ಯಾಟ್ ಸೋಲಾರಿಗೆ ನೆರಳು ಬೀಳದ ಸುಮಾರು 300 ಚದರ ಅಡಿ ತಾರಸಿ ಬೇಕು. 30x40 ಸೈಟಿನಲ್ಲಿ ಸುತ್ತ ಬಿಟ್ಟು, ಮೆಟ್ಟಿಲಮನೆ, ನೀರಿನ ಟ್ಯಾಂಕು, ಸೋಲಾರ್ ಹೀಟರ್ ಕಳೆದರೆ ಅಷ್ಟು ಜಾಗ ಸಿಗುತ್ತದೆ, ಆದರೆ ಎಲ್ಲಿ ಸಿಗುತ್ತದೆ ಅನ್ನುವುದು ಮುಖ್ಯ. ನಮ್ಮ ಅಕ್ಷಾಂಶ ಹದಿನಾಲ್ಕು ಡಿಗ್ರಿ ಚಿಲ್ಲರೆ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಮೆಟ್ಟಿಲಮನೆ ಮತ್ತು ಅದರ ಮೇಲಿನ ಟ್ಯಾಂಕು ಸೇರಿ ಹದಿಮೂರು ಅಡಿ ಎತ್ತರವಿದ್ದರೆ, ಆ ಹೊತ್ತಿನಲ್ಲೇ ಉತ್ತರಕ್ಕೆ ಹತ್ತು ಅಡಿ ನೆರಳು. ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಆದ್ದರಿಂದ ಸೋಲಾರಿನ ದೃಷ್ಟಿಯಿಂದ ಇವೆರಡೂ ಉತ್ತರದ ಅಂಚಿನಲ್ಲಿ ಇರಬೇಕು. ವಾಸ್ತು ಹೇಳುವವರು ಭಾರವೆಲ್ಲ ನೈಋತ್ಯಕ್ಕೆ ಅನ್ನುತ್ತಾರೆ. ಮಧ್ಯಾಹ್ನದ ಮೇಲೆ ಟ್ಯಾಂಕಿನ ನೆರಳು ತಾರಸಿಯ ನಡುಮಧ್ಯೆ ಬಂದು ಬೀಳುತ್ತದೆ.

ಯಜಮಾನರ ಮಲಗುವ ಕೋಣೆಯೂ ವಾಸ್ತು ಪ್ರಕಾರ ನೈಋತ್ಯದಲ್ಲೇ. ಸಂಜೆ ಬಿಸಿಲು ಪಶ್ಚಿಮದ ಗೋಡೆಗೆ ನೇರವಾಗಿ ಹೊಡೆಯುತ್ತದೆ. ಆರು ಇಂಚಿನ ಸಿಮೆಂಟ್ ಬ್ಲಾಕ್ ಅದನ್ನು ಕುಡಿದು ಕೆಲವು ಗಂಟೆ ಬಿಟ್ಟು, ಸರಿಯಾಗಿ ಮಲಗುವ ಹೊತ್ತಿಗೆ, ಒಳಗೆ ಉಗುಳುತ್ತದೆ. ಕೆಳಮಟ್ಟದ ಪಶ್ಚಿಮದ ಸೂರ್ಯನಿಗೆ ಎರಡಡಿ ಸಜ್ಜಾ ಲೆಕ್ಕಕ್ಕೇ ಇಲ್ಲ. ಹಾಗೆಂದು ವಾಸ್ತು ಬಿಡಿ ಎಂದು ಉಪದೇಶ ಮಾಡುವ ವಿನ್ಯಾಸಕಾರರು ಕೆಲಸ ಕಳೆದುಕೊಳ್ಳುತ್ತಾರೆ, ಅಷ್ಟೆ. ಕೋಣೆ ಅಲ್ಲೇ ಇರಲಿ, ಪಶ್ಚಿಮದ ಗೋಡೆಯುದ್ದಕ್ಕೂ ಬೀರು ಬರಲಿ, ಆ ಗೋಡೆ ಮಾತ್ರ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕಿನದಾಗಲಿ, ಟ್ಯಾಂಕು ನೈಋತ್ಯದಲ್ಲೇ ಇದ್ದರೂ ಗಿಡ್ಡನೆಯ ಅಗಲ ಟ್ಯಾಂಕಾಗಲಿ. ಇಂಥ ಹೊಂದಾಣಿಕೆ ಹೊಳೆಯುವುದು ಮೇಸ್ತ್ರಿ, ಎಂಜಿನಿಯರ್, ಸೋಲಾರ್‌ನವರು, ಆಯ ನೋಡುವವರು ಒಂದೇ ದಿನ ಒಂದೇ ಹಾಳೆಯ ಮುಂದೆ ಕೂತಾಗ. ಸಹಯೋಗದ ವಿನ್ಯಾಸ ಎಂಬ ದೊಡ್ಡ ಮಾತಿಗೆ ಇಲ್ಲಿನ ಅರ್ಥ ಇಷ್ಟೇ.

ಇದಕ್ಕೆ ದುಬಾರಿ ತಂತ್ರಾಂಶ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಪೈಪು, ಬೀಮ್, ವೈರು ಎಲ್ಲವನ್ನೂ ಒಂದೇ ಮೂರು ಆಯಾಮದ ಮಾದರಿಯಲ್ಲಿ ಕೂರಿಸಿ ಎಲ್ಲಿ ಒಂದಕ್ಕೊಂದು ಢಿಕ್ಕಿಯಾಗುತ್ತದೆ ಎಂದು ತೋರಿಸುವ ಬಿಐಎಂ ಪದ್ಧತಿಯನ್ನು ಬ್ರಿಟನ್ 2016ರಿಂದ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಆಸ್ಪತ್ರೆಗೆ ಅದು ಬೇಕು. ಎರಡು ಮಹಡಿಯ ಮನೆಗೆ ಎಲ್ಲರ ಗೆರೆಗಳೂ ಇರುವ ಒಂದೇ ಒಂದು ಹಾಳೆ ಸಾಕು.

ಚಿತ್ರದುರ್ಗ ತೇವದ ಊರೇ?

ಸಂಹಿತೆಯನ್ನು ಅನುಮಾನಿಸುವವರ ಕೈಯಲ್ಲಿ ಒಂದು ಗಟ್ಟಿ ವಾದವಿದೆ. ದೇಶವನ್ನು ಐದು ಹವಾಮಾನ ವಲಯಗಳಾಗಿ ಭಾಗ ಮಾಡಿರುವ ಎನರ್ಜಿ ಕೋಡಿನ ಪಟ್ಟಿಯಲ್ಲಿ ಚಿತ್ರದುರ್ಗ ಇರುವುದು 'ಬೆಚ್ಚನೆಯ ತೇವದ' ವಲಯದಲ್ಲಿ, ಚೆನ್ನೈ ಮತ್ತು ರತ್ನಗಿರಿಗಳ ಜೊತೆ! ಚಳ್ಳಕೆರೆಯ ಬಿಸಿಲು ಕಂಡವರಿಗೆ ನಗು ಬರಬಹುದು. ಆದರೆ ಇದರಿಂದ ಲೆಕ್ಕವೇ ಬದಲಾಗುತ್ತದೆ. ಇಕೋ ನಿವಾಸ ಸಂಹಿತೆಯ ಪ್ರಕಾರ ತೇವದ ವಲಯದಲ್ಲಿ ತೆರೆಯುವ ಕಿಟಕಿ ಬಾಗಿಲುಗಳ ಒಟ್ಟು ಅಳತೆ ನೆಲದ ಶೇ. 16.66 ಇರಬೇಕು. ಬಿಸಿ-ಒಣ ವಲಯದಲ್ಲಾದರೆ ಶೇ. 10 ಸಾಕು. ಸಾವಿರ ಚದರ ಅಡಿಯ ಫ್ಲ್ಯಾಟಿಗೆ ಒಂದು ಕಡೆ 167 ಚದರ ಅಡಿ, ಇನ್ನೊಂದು ಕಡೆ 100. ಈಗ ಎಲ್ಲರೂ ಹಾಕಿಸುವ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ತೆರೆಯುವುದೇ ಅರ್ಧ ಅನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳು ಬೇರೆಯದೇ ತರ್ಕದಲ್ಲಿ ಎದ್ದವು. ದಪ್ಪ ಗೋಡೆ, ಪುಟ್ಟ ಕಿಟಕಿ, ಮೇಲೆ ಮರದ ತೊಲೆಗಳ ಮೇಲೆ ಹೊರೆಗಟ್ಟಲೆ ಚೌಳು ಮಣ್ಣು, ಬೆಳಕಿಗೊಂದು ಗವಾಕ್ಷಿ. ಹಗಲಿನ ಬಿಸಿಯನ್ನು ಮಣ್ಣೇ ತಡೆದು, ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತಿತ್ತು. ಒಣ ನಾಡಿಗೆ ಹೇಳಿ ಮಾಡಿಸಿದ್ದು. ಹಾಗಾದರೆ ಸಂಹಿತೆ ತಪ್ಪೇ? ಪೂರ್ತಿ ಅಲ್ಲ. ಬೆಟ್ಟಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಹೇಳುವಂತೆ ದುರ್ಗದಲ್ಲಿ ಗಾಳಿ ಧಾರಾಳ, ಮುಂಗಾರಿನ ತಿಂಗಳುಗಳಲ್ಲಿ ದೊಡ್ಡ ಕಿಟಕಿ ಕೆಲಸಕ್ಕೆ ಬರುತ್ತದೆ. ಆದರೆ ಮಾರ್ಚ್-ಏಪ್ರಿಲ್‌ನ ಹಗಲಲ್ಲಿ ಅದೇ ಕಿಟಕಿ ಒಲೆಯ ಬಾಯಿ. ಕಿಟಕಿ ದೊಡ್ಡದಿರಲಿ, ಹಗಲು ಮುಚ್ಚಲು ಗಟ್ಟಿ ಬಾಗಿಲೂ ಹೊರಗೆ ನೆರಳೂ ಇರಲಿ ಅನ್ನುವ ನಡುದಾರಿಯನ್ನು ದಿಲ್ಲಿಯ ಕೋಷ್ಟಕ ಹೇಳಲಾರದು. ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಸಂಹಿತೆಯನ್ನು ತಿದ್ದಿಕೊಳ್ಳುವ ಅವಕಾಶ ರಾಜ್ಯಗಳಿಗೆ ಕಾಯ್ದೆಯಲ್ಲೇ ಇದೆ. ಅದಕ್ಕೆ ಬೇಕಾದ ಅಳತೆಯ ಕೆಲಸವನ್ನು 1951ರಿಂದ ಇರುವ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ದುರ್ಗದ ಎಸ್‌ಜೆಎಂ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳು ನಾಲ್ಕು ಮನೆಗಳಲ್ಲಿ ಉಷ್ಣಮಾಪಕ ಇಟ್ಟು ಮಾಡಬಹುದಾದದ್ದೇ.

ಕಾಲ ಕೆಳಗಿನ ಎರೆಮಣ್ಣು, ಗಿರಣಿಯ ಬೂದಿ

ಕಟ್ಟಡಗಳನ್ನು ಕಟ್ಟುವುದು ಮತ್ತು ನಡೆಸುವುದು ಸೇರಿ ಜಗತ್ತಿನ ಇಂಧನ ಮತ್ತು ಕೈಗಾರಿಕಾ ಪ್ರಕ್ರಿಯೆ ಸಂಬಂಧಿ ಇಂಗಾಲದ ಮೂರನೇ ಒಂದು ಪಾಲಿಗೂ ಹೆಚ್ಚಿಗೆ ಕಾರಣ ಎಂಬ ವಿಶ್ವಸಂಸ್ಥೆಯ ಅಂದಾಜು ಎಲ್ಲ ಕಡೆ ಓಡಾಡುತ್ತದೆ. ಆದರೆ ಎಸಿಯೇ ಇಲ್ಲದ ನಮ್ಮ ಊರಿನ ಮನೆಯಲ್ಲಿ ಹೊರೆ ಕರೆಂಟಿನದಷ್ಟೇ ಅಲ್ಲ, ಸಿಮೆಂಟು ಕಬ್ಬಿಣದ್ದೂ ದೊಡ್ಡದೇ. ಅದು ಕಟ್ಟುವಾಗಲೇ ಖರ್ಚಾಗಿ ಹೋಗುತ್ತದೆ, ಆಮೇಲೆ ಉಳಿಸುವ ಮಾತೇ ಇಲ್ಲ.

ಇಲ್ಲಿ ಎರಡು ಊರಿಗೂ ಒಂದೇ ಔಷಧಿ ನಡೆಯುವುದಿಲ್ಲ. ದಾವಣಗೆರೆ-ಹರಿಹರದ ಕಡೆ ಎರೆಮಣ್ಣು ಇರುವಲ್ಲಿ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆ ಸೀಳುತ್ತದೆ. ದುರ್ಗದಲ್ಲಿ ಹಲವೆಡೆ ನಾಲ್ಕಡಿಗೇ ಬಂಡೆ. ಮಣ್ಣು ಪರೀಕ್ಷೆ ಮಾಡಿಸದೆ, ಪಕ್ಕದ ಮನೆಯ ಪಾಯ ನೋಡಿ ಪಾಯ ಹಾಕುವ ರೂಢಿಯಿಂದ ಒಂದು ಕಡೆ ಸಾಲದೆ ಬಿರುಕು, ಇನ್ನೊಂದು ಕಡೆ ಬೇಡದ ಕಬ್ಬಿಣ.

ಭತ್ತದ ನಾಡಿನ ಅಕ್ಕಿ ಗಿರಣಿಗಳು ಕೊಡುವ ಹೊಟ್ಟಿನ ಬೂದಿ ಇನ್ನೊಂದು ಉದಾಹರಣೆ. ಸುಟ್ಟ ಹೊಟ್ಟಿನ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ. ಹದವಾದ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಒಂದಷ್ಟು ಪಾಲನ್ನು ಅದು ತುಂಬಬಲ್ಲದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೂಡ 2000ದಿಂದಲೇ ಇದಕ್ಕೆ ಅನುಮತಿ ಕೊಟ್ಟಿದೆ. ಅಡ್ಡಿ ಏನೆಂದರೆ, ಗಿರಣಿಯ ಬಾಯ್ಲರಿನಲ್ಲಿ ಹೊಟ್ಟು ಸುಡುವುದು ಹಬೆಗಾಗಿ, ಬೂದಿಯ ಗುಣಕ್ಕಾಗಿ ಅಲ್ಲ. ಶಾಖ ಹೆಚ್ಚಾದರೆ ಸಿಲಿಕಾ ಹರಳುಗಟ್ಟಿ ಕೆಲಸಕ್ಕೆ ಬಾರದು, ಕಡಿಮೆಯಾದರೆ ಕರಿ ಉಳಿಯುತ್ತದೆ. ಗಿರಣಿ ಮಾಲೀಕರು, ಬ್ಲಾಕ್ ತಯಾರಿಸುವವರು, ಪರೀಕ್ಷಿಸುವ ಪ್ರಯೋಗಾಲಯ ಮೂವರೂ ಮಾತಾಡಿಕೊಳ್ಳದ ಹೊರತು ಬೂದಿ ರಸ್ತೆಬದಿಯಲ್ಲೇ ಬೀಳುತ್ತದೆ. ಇದೂ ವಿನ್ಯಾಸದ ಸಹಯೋಗವೇ, ಒಂದು ಕಟ್ಟಡದ ಕಾಂಪೌಂಡಿನ ಆಚೆಗಿನದು.

ಕಡಿಮೆ ಮಾಡಿದ್ದಕ್ಕೆ ಕೂಲಿ ಕೊಡುವವರು ಯಾರು?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುತ್ತಿಲ್ಲ? ದುಡ್ಡು ಹರಿಯುವ ದಿಕ್ಕು ನೋಡಿದರೆ ಸಾಕು. ಮೇಸ್ತ್ರಿಗೆ ಕೂಲಿ ಚದರದ ಲೆಕ್ಕ, ಕಟ್ಟಡ ಬೆಳೆದಷ್ಟೂ ಲಾಭ. ವೈರಿಂಗ್‌ನವರಿಗೆ ಪಾಯಿಂಟ್ ಲೆಕ್ಕ. ಎಸಿಯವರಿಗೆ ಟನ್ ಲೆಕ್ಕ. ದೊಡ್ಡ ಕಟ್ಟಡಗಳಲ್ಲಿ ವಿನ್ಯಾಸಕಾರರ ಫೀಸು ಹಲವು ಬಾರಿ ಒಟ್ಟು ವೆಚ್ಚದ ಶೇಕಡಾವಾರು. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ನಾಲ್ಕು ದಿನ ಹೆಚ್ಚು ಕೂತು ಎರಡು ಟನ್ ಕಬ್ಬಿಣ ಉಳಿಸಿದರೆ ಅವರಿಗೆ ಸಿಗುವುದು ಏನೂ ಇಲ್ಲ. ಬಿರುಕು ಬಿಟ್ಟರೆ ಮಾತ್ರ ಬೈಗುಳ ಗ್ಯಾರಂಟಿ. ಹೆಚ್ಚು ಹಾಕಿದವರನ್ನು ಯಾರೂ ಪ್ರಶ್ನಿಸದ ಪದ್ಧತಿಯಲ್ಲಿ ಎಲ್ಲರೂ ಹೆಚ್ಚೇ ಹಾಕುತ್ತಾರೆ. ಸರ್ಕಾರಿ ಕೆಲಸದಲ್ಲೂ ಸಿವಿಲ್‌ಗೆ ಒಂದು ಅಂದಾಜು, ಎಲೆಕ್ಟ್ರಿಕಲ್‌ಗೆ ಇನ್ನೊಂದು. ಛಾವಣಿಗೆ ಎರಡು ಲಕ್ಷ ಹೆಚ್ಚು ಖರ್ಚು ಮಾಡಿ ಎಸಿಯಲ್ಲಿ ನಾಲ್ಕು ಲಕ್ಷ ಉಳಿಸುವ ಲೆಕ್ಕವನ್ನು ಬರೆಯಲು ಎರಡೂ ಪುಸ್ತಕದಲ್ಲಿ ಜಾಗವಿಲ್ಲ.

ಮನೆಮಂದಿಯ ಕಡೆಯಿಂದ ನೋಡಿದರೂ ಒತ್ತಡ ಕಡಿಮೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಅರ್ಹ ಬಳಕೆಗೆ ಬಿಲ್ಲೇ ಇಲ್ಲ. ಬಡವರ ಮನೆಗೆ ಅದು ನಿಜವಾದ ಆಸರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೊನ್ನೆ ಬಿಲ್ಲು ಬರುವ ಮನೆಗೆ ಸೋಲಾರ್ ಹಾಕಿಸಲು, ಛಾವಣಿಗೆ ಪದರ ಹಾಸಲು ಹಣದ ಕಾರಣ ಉಳಿಯುವುದಿಲ್ಲ. ಬಾಡಿಗೆ ಮನೆಯಲ್ಲಂತೂ ಕಟ್ಟಿಸುವವರು ಒಬ್ಬರು, ಬೇಯುವವರು ಇನ್ನೊಬ್ಬರು. ದಾವಣಗೆರೆಯ ಕಾಲೇಜುಗಳ ಸುತ್ತ ಮೇಲ್ಮಹಡಿಯ ಕೋಣೆಗಳಲ್ಲಿ ಇರುವ ವಿದ್ಯಾರ್ಥಿಗಳ ತಲೆಯ ಮೇಲಿರುವುದು ಅದೇ ಬೆತ್ತಲೆ ಮೋಲ್ಡು.

ಕಟ್ಟಿಸುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಇನ್ನೊಂದು ಕೋಡ್ ಅಂದರೆ ಇನ್ನೊಂದು ಸೀಲು, ಇನ್ನೊಂದು ಫೀಸು, ಇನ್ನೊಂದು ಮೇಜು ಎಂಬ ಅವರ ಅನುಭವ ಸುಳ್ಳಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಉಳಿದ ಹಣ ಶಾಖನಿರೋಧಕಕ್ಕೆ ಹೋಗುತ್ತದೆ ಎಂದು ಯಾರೂ ನಿರೀಕ್ಷಿಸಲಿಲ್ಲ, ಅದು ಟೈಲ್ಸಿಗೆ ಹೋಗುತ್ತದೆ. ಸಂಹಿತೆ ಬೇಕು ಅನ್ನುವವರ ಉತ್ತರ ಇಷ್ಟು: ಟೈಲ್ಸನ್ನು ಹತ್ತು ವರ್ಷ ಬಿಟ್ಟು ಬದಲಾಯಿಸಬಹುದು, ಕಟ್ಟಡದ ದಿಕ್ಕನ್ನು ಐವತ್ತು ವರ್ಷ ಬದಲಾಯಿಸಲಾಗದು.

ಮುಂದೆ ಏನಾಗಬಹುದು?

ಎರಡು ದಾರಿ ಕಾಣುತ್ತಿವೆ. ಮೊದಲನೆಯದು ಸುಲಭದ್ದು, ಆದ್ದರಿಂದ ಹೆಚ್ಚು ಸಾಧ್ಯವಿರುವುದು. ಎನರ್ಜಿ ಕೋಡಿನ ಪಾಲನಾ ವರದಿಯನ್ನು ಸೈಟೇ ನೋಡದ ಸಲಹೆಗಾರರೊಬ್ಬರು ಕಂಪ್ಯೂಟರಿನಲ್ಲಿ ತಯಾರಿಸಿ ಸಹಿ ಹಾಕುತ್ತಾರೆ. ಫೈಲಿಗೆ ಅದು ಸೇರುತ್ತದೆ, ಕಟ್ಟಡ ಹಳೆಯ ಕ್ರಮದಲ್ಲೇ ಏಳುತ್ತದೆ. ಅಗ್ನಿಶಾಮಕ, ಮಳೆನೀರು ಕೊಯ್ಲು ನಿಯಮಗಳಿಗೆ ಎಷ್ಟೋ ಕಡೆ ಆದದ್ದು ಇದೇ.

ಎರಡನೆಯ ದಾರಿಗೆ ಓಸಿಯೇ ಒತ್ತಾಸೆ. ಸ್ಥಳ ಪರಿಶೀಲನೆ ನಿಜಕ್ಕೂ ನಡೆದರೆ, ಮಂಜೂರಾತಿಯ ಹಾಳೆಯಲ್ಲಿ ಛಾವಣಿಯ ಪದರ, ಕಿಟಕಿಯ ಅಳತೆ, ಸೋಲಾರಿಗೆ ಬಿಟ್ಟ ಜಾಗ ಗೆರೆಯಾಗಿ ಇದ್ದರೆ, ಅದನ್ನು ಕಟ್ಟದೆ ವಿದ್ಯುತ್ ಸಿಗುವುದಿಲ್ಲ. ಆಗ ಎಸಿಯವರನ್ನೂ ಎಲೆಕ್ಟ್ರಿಕಲ್‌ನವರನ್ನೂ ಪ್ಲಾನ್ ಬರೆಯುವ ದಿನವೇ ಕರೆಯುವುದು ಮಾಲೀಕರಿಗೆ ಅನಿವಾರ್ಯವಾಗುತ್ತದೆ. ಅದಕ್ಕೆ ಪಾಲಿಕೆಯಲ್ಲೂ ನಗರಸಭೆಯಲ್ಲೂ ಡ್ರಾಯಿಂಗ್ ಓದಿ ಸೈಟಿಗೆ ಹೋಗಿಬರುವ ಎಂಜಿನಿಯರುಗಳು ಬೇಕು, ಹಾಳೆಯ ಮೇಲಿನ ಗೆರೆಯನ್ನು ಯಾರು ಪರಿಶೀಲಿಸುತ್ತಾರೆ ಎಂಬುದು ನಿಯಮದಲ್ಲೇ ಸ್ಪಷ್ಟವಾಗಬೇಕು.

30x40ರ ಮನೆಗಳು ಮಾತ್ರ ಎರಡೂ ದಾರಿಯ ಹೊರಗೆ ಉಳಿಯುತ್ತವೆ. ಓಸಿಯಿಂದ ವಿನಾಯಿತಿ, ಎನರ್ಜಿ ಕೋಡಿನ ಹೊಸ್ತಿಲಿಗಿಂತ ಎಷ್ಟೋ ಕೆಳಗೆ. ಈ ಎರಡು ಊರುಗಳ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಇಂಥವೇ ಎಲ್ಲೆಲ್ಲೂ ಕಾಣುತ್ತವೆ. ಅಲ್ಲಿಗೆ ಕಾನೂನಿನ ಕೈ ತಲುಪದು, ಬ್ಯಾಂಕಿನ ಕೈ ತಲುಪಬಹುದು. ಗೃಹಸಾಲದ ಕಂತು ಬಿಡುಗಡೆಯಾಗುವುದು ಪಾಯ, ಲಿಂಟಲ್, ಮೋಲ್ಡ್ ಎಂಬ ಹಂತಗಳಲ್ಲಿ, ಪ್ರತಿ ಹಂತಕ್ಕೂ ಒಬ್ಬ ಎಂಜಿನಿಯರ್ ಬಂದು ನೋಡಿ ಸಹಿ ಹಾಕುತ್ತಾರೆ. ಲಿಂಟಲ್ ಹಂತದ ಆ ಭೇಟಿಯಲ್ಲಿ ಅವರು ಮೇಸ್ತ್ರಿಯನ್ನು ಕರೆದು, ಟ್ಯಾಂಕು ಎಲ್ಲಿ ಕೂರುತ್ತದೆ, ಸೋಲಾರಿನ ಪೈಪು ಮೋಲ್ಡಿನಲ್ಲಿ ಎಲ್ಲಿಂದ ಇಳಿಯುತ್ತದೆ, ಛಾವಣಿಯ ಮೇಲೆ ಪದರಕ್ಕೆ ಎಷ್ಟು ಇಂಚು ಬಿಟ್ಟಿದ್ದೀರಿ ಎಂದು ಕೇಳಿ ಬರೆದುಕೊಳ್ಳಲು ಬೇಕಾಗುವುದು ಫಾರಂನಲ್ಲಿ ಮೂರು ಸಾಲು.